ಗ್ಲಾಸ್ಗೋ ನಗರದ ಸೇಂಟ್ ಜಾನ್ ಸಭೆಯ ದೀನಸೇವೆ (೧೮೧೯–೧೮೩೭)

೧

ಧರ್ಮಸಂಸ್ಥೆಗಳ ದಾನಧರ್ಮಗಳ ಚರಿತ್ರೆಯನ್ನು ಬರೆಯಹೊರಟವನು ಸಾಮಾನ್ಯವಾಗಿ ಎರಡು ಬಗೆಯ ದಾಖಲೆಗಳನ್ನು ಅವಲಂಬಿಸಬೇಕಾಗುತ್ತದೆ. ಕೊಟ್ಟವರು ಬರೆದಿಟ್ಟ ವರದಿ ಒಂದು. ಕೊಟ್ಟ ಹಣದ ಲೆಕ್ಕ ಇನ್ನೊಂದು. ಪಡೆದವರ ಮಾತು ದೊರೆಯುವುದು ಅಪೂರ್ವ. ಕೇಳಿ ಪಡೆಯದೆ ಹಿಂದಿರುಗಿದವರ ಮಾತಂತೂ ದೊರೆಯುವುದೇ ಇಲ್ಲವೆನ್ನಬಹುದು. ಆದಕಾರಣ ಇಂಥ ಚರಿತ್ರೆಗಳು ಬಹುಮಟ್ಟಿಗೆ ಪ್ರಶಂಸೆಯಾಗಿಯೇ ಮುಗಿಯುತ್ತವೆ. ಈ ತೊಡಕನ್ನು ಸ್ಪಷ್ಟಪಡಿಸುವುದಕ್ಕೆ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆದ ಒಂದು ಪ್ರಯೋಗಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಅಲ್ಲಿನ ಸೇಂಟ್ ಜಾನ್ ಸಭೆಯು ತನ್ನ ಎಲ್ಲೆಯೊಳಗಿನ ಬಡವರ ಪೋಷಣೆಯನ್ನು ತೆರಿಗೆಯ ಹಣವಿಲ್ಲದೆ, ಸಂಬಳದ ನೌಕರರಿಲ್ಲದೆ, ಸ್ವಯಂಸೇವಕರಿಂದಲೂ ಕಾಣಿಕೆಯ ಹಣದಿಂದಲೂ ಮಾತ್ರವೇ ನಡೆಸಲು ಹೊರಟಿತು. ಹದಿನೆಂಟು ವರ್ಷಗಳ ಕಾಲ ಅದನ್ನು ನಡೆಸಿತು, ಅನಂತರ ಕೈಬಿಟ್ಟಿತು. ಅದು ಹೇಗೆ ನಡೆಯಿತು, ಏಕೆ ನಿಂತಿತು, ಅದರ ಫಲವನ್ನು ಹೇಗೆ ಅಳೆಯಬೇಕು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಹಿನ್ನೆಲೆಯನ್ನು ತಿಳಿಯಬೇಕು. ಪ್ರೊಟೆಸ್ಟೆಂಟ್ ಮತಸುಧಾರಣೆಯಾದಂದಿನಿಂದ ಸ್ಕಾಟ್ಲೆಂಡಿನಲ್ಲಿ ಬಡವರ ಪೋಷಣೆಯ ಹೊಣೆ ಪ್ಯಾರಿಷ್ಷಿನದಾಗಿತ್ತು. ಪ್ಯಾರಿಷ್ ಎಂದರೆ ಒಂದು ಚರ್ಚಿಗೂ ಅದರ ಸಭಾಪಾಲಕನಿಗೂ ಸೇರಿದ, ಗೊತ್ತಾದ ಮೇರೆಯುಳ್ಳ ಪ್ರದೇಶ. ಸಭಾಪಾಲಕನೂ ಸಭೆಯ ಹಿರಿಯರೂ ಕೂಡಿದ ಮಂಡಲಿಗೆ ಕಿರ್ಕ್ ಸೆಷನ್ ಎಂದು ಹೆಸರು. ಭಾನುವಾರದ ಆರಾಧನೆಗೆ ಬಂದವರು ಚರ್ಚಿನ ಬಾಗಿಲ ಬಳಿಯ ತಟ್ಟೆಯಲ್ಲಿ ಹಾಕುವ ಕಾಣಿಕೆಯನ್ನು ಈ ಮಂಡಲಿಯು ಕೂಡಿಸಿಟ್ಟು ವೃದ್ಧರಿಗೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ, ರೋಗಿಗಳಿಗೆ ಹಂಚುತ್ತಿತ್ತು. ಕಾಣಿಕೆ ಸಾಲದೆ ಹೋದರೆ ತೆರಿಗೆ ವಿಧಿಸಲು ಕಾನೂನಿನಲ್ಲಿ ಅವಕಾಶವಿದ್ದಿತಾದರೂ ಹಳ್ಳಿಗಾಡಿನಲ್ಲಿ ಅದನ್ನು ಬಳಸಿದ್ದು ವಿರಳ. ದುಡಿಯಲು ಶಕ್ತನಾಗಿದ್ದೂ ಕೆಲಸ ಸಿಕ್ಕದವನಿಗೆ ನೆರವು ಪಡೆಯುವ ಹಕ್ಕನ್ನು ಅಲ್ಲಿನ ಕಾನೂನು ಒಪ್ಪಿರಲಿಲ್ಲ. ಇಂಗ್ಲೆಂಡಿನ ಪದ್ಧತಿಗೂ ಸ್ಕಾಟ್ಲೆಂಡಿನ ಪದ್ಧತಿಗೂ ಇದ್ದ ಮುಖ್ಯ ವ್ಯತ್ಯಾಸ ಇದೇ.

ಒಬ್ಬರನ್ನೊಬ್ಬರು ಬಲ್ಲ ಹಳ್ಳಿಗಳಿಗೆ ಹೊಂದಿಕೊಂಡಿದ್ದ ಈ ಏರ್ಪಾಡು ಕೈಗಾರಿಕೆಯ ನಗರದಲ್ಲಿ ಕುಸಿಯತೊಡಗಿತು. ಗ್ಲಾಸ್ಗೋ ನಗರದ ಜನಸಂಖ್ಯೆ ೧೮೦೧ರಲ್ಲಿ ಸುಮಾರು ೭೭,೦೦೦ ಇದ್ದದ್ದು ೧೮೨೧ರ ವೇಳೆಗೆ ಸುಮಾರು ೧,೪೭,೦೦೦ಕ್ಕೆ ಏರಿತು. ಹತ್ತಿಯ ಗಿರಣಿಗಳನ್ನೂ ಮಗ್ಗಗಳನ್ನೂ ನೆಚ್ಚಿಕೊಂಡು ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಯಿಂದಲೂ ಐರ್ಲೆಂಡಿನಿಂದಲೂ ಜನ ಬಂದು ತುಂಬಿದರು. ೧೮೧೫ರಲ್ಲಿ ಯುದ್ಧ ಮುಗಿದ ಮೇಲೆ ವ್ಯಾಪಾರ ಕುಗ್ಗಿತು. ಕೈಮಗ್ಗದ ನೇಕಾರರ ಕೂಲಿ ಇಳಿಯುತ್ತ ಹೋಯಿತು. ನಗರದ ಎಲ್ಲ ಚರ್ಚುಗಳ ಕಾಣಿಕೆಯೂ ಜನರಲ್ ಸೆಷನ್ ಎಂಬ ಒಂದೇ ಬೊಕ್ಕಸಕ್ಕೆ ಸೇರಿ ಅಲ್ಲಿಂದ ಪ್ಯಾರಿಷ್ಷುಗಳಿಗೆ ಹಂಚಿಕೆಯಾಗುತ್ತಿತ್ತು. ಹೆಚ್ಚಿನ ನೆರವು ಬೇಕಾದವರನ್ನು ತೆರಿಗೆಯ ಹಣದಿಂದ ನಡೆಯುತ್ತಿದ್ದ ಟೌನ್ಸ್ ಹಾಸ್ಪಿಟಲ್ ಎಂಬ ಸಂಸ್ಥೆಗೆ ದಾಟಿಸುತ್ತಿದ್ದರು. ಕೊಡುವವನಿಗೂ ಪಡೆಯುವವನಿಗೂ ಮುಖಪರಿಚಯವೇ ಇಲ್ಲದ ಸ್ಥಿತಿ ಹೀಗೆ ಒದಗಿತು.

೩

ಈ ಸ್ಥಿತಿಯನ್ನು ಬದಲಿಸಹೊರಟವನು ತಾಮಸ್ ಚಾಮರ್ಸ್ (೧೭೮೦–೧೮೪೭). ಫೈಫ್ ಸೀಮೆಯ ಕಡಲತೀರದ ಆನ್‌ಸ್ಟ್ರಥರ್ ಎಂಬ ಊರಿನಲ್ಲಿ ಹುಟ್ಟಿದ ಈತನು ೧೮೦೩ರಲ್ಲಿ ಅದೇ ಸೀಮೆಯ ಕಿಲ್ಮೆನಿ ಎಂಬ ಹಳ್ಳಿಯ ಸಭಾಪಾಲಕನಾದನು. ಗಣಿತದಲ್ಲಿಯೂ ಅರ್ಥಶಾಸ್ತ್ರದಲ್ಲಿಯೂ ಆಸಕ್ತಿಯುಳ್ಳವನಾಗಿದ್ದು, ಮಾಲ್ತಸನ ವಿಚಾರಗಳಿಂದ ಪ್ರಭಾವಿತನಾಗಿದ್ದನು. ೧೮೧೫ರಲ್ಲಿ ಗ್ಲಾಸ್ಗೋ ನಗರದ ಟ್ರಾನ್ ಚರ್ಚಿಗೆ ಬಂದನು. ಉಪದೇಶಕನೆಂದು ಆತನ ಕೀರ್ತಿ ಬಹು ಬೇಗ ಹರಡಿತು. ಆದರೆ ಆತನ ಮನಸ್ಸನ್ನು ಹಿಡಿದದ್ದು ಕೀರ್ತಿಯಲ್ಲ. ತನ್ನ ಪ್ಯಾರಿಷ್ಷಿನ ಮನೆಮನೆಗೂ ಹೋಗಿ ನೋಡಿದಾಗ, ಯಾವ ಚರ್ಚಿನ ಸಂಪರ್ಕವೂ ಇಲ್ಲದೆ, ಯಾವ ಹಿರಿಯನ ಗುರುತೂ ಇಲ್ಲದೆ ಬಾಳುತ್ತಿದ್ದ ಸಾವಿರಾರು ಜನರನ್ನು ಆತ ಕಂಡನು.

ಚಾಮರ್ಸನ ಸಿದ್ಧಾಂತವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಬಡತನದ ನಿವಾರಣೆಗೆ ನಿಸರ್ಗವೇ ನಾಲ್ಕು ಒರತೆಗಳನ್ನು ಇಟ್ಟಿದೆ. ಬಡವನ ಸ್ವಂತ ದುಡಿಮೆ ಮತ್ತು ಮಿತವ್ಯಯ ಮೊದಲನೆಯದು. ನೆಂಟರಿಷ್ಟರ ಒಲವು ಎರಡನೆಯದು. ಬಡವರ ಮೇಲೆ ಉಳ್ಳವರಿಗಿರುವ ಕನಿಕರ ಮೂರನೆಯದು. ಬಡವರಿಗೆ ಬಡವರ ಮೇಲಿರುವ ಕನಿಕರ ನಾಲ್ಕನೆಯದು. ಕಾನೂನಿನ ಮೂಲಕ ಕೊಡುವ ನೆರವು ಈ ನಾಲ್ಕನ್ನೂ ಬತ್ತಿಸುತ್ತದೆ. ತೆರಿಗೆ ಕೊಟ್ಟವನು ತನ್ನ ಕರ್ತವ್ಯ ತೀರಿತೆಂದುಕೊಳ್ಳುತ್ತಾನೆ. ಮಗನು ತಾಯಿಯನ್ನು ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತಾನೆ. ಆದ್ದರಿಂದ ನಗರವನ್ನು ಚಿಕ್ಕ ಚಿಕ್ಕ ಭಾಗಗಳಾಗಿ ಒಡೆದು, ಪ್ರತಿ ಭಾಗಕ್ಕೂ ಮನೆಗಳನ್ನು ಬಲ್ಲ ಒಬ್ಬನನ್ನು ನೇಮಿಸಿದರೆ ಹಳ್ಳಿಯ ನೆರೆಹೊರೆ ನಗರದಲ್ಲಿಯೂ ಮರಳಿ ಹುಟ್ಟುತ್ತದೆ. ಈ ವಾದದಲ್ಲಿ ನಾಲ್ಕನೆಯ ಒರತೆಯ ಮಾತು ವಿಶೇಷವಾಗಿ ಗಮನಾರ್ಹವಾದುದು. ಬಡಕೇರಿಯಲ್ಲಿ ಒಂದು ಮನೆಯವರು ಹಾಸಿಗೆ ಹಿಡಿದರೆ ಪಕ್ಕದ ಮನೆಯವರು ಗಂಜಿ ಒಯ್ಯುವುದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರುವುದಿಲ್ಲ. ಆದರೂ ಎಲ್ಲ ನೆರವಿಗಿಂತ ಅದು ದೊಡ್ಡದೆಂಬುದನ್ನು ಆತ ಕಂಡುಕೊಂಡಿದ್ದನು.

೪

೧೮೧೯ರಲ್ಲಿ ನಗರದ ಪೂರ್ವಭಾಗದಲ್ಲಿ ಸೇಂಟ್ ಜಾನ್ ಎಂಬ ಹೊಸ ಪ್ಯಾರಿಷ್ಷನ್ನು ರಚಿಸಿ ಚಾಮರ್ಸನನ್ನು ಅಲ್ಲಿಗೆ ನೇಮಿಸಲಾಯಿತು. ಅದು ನೇಕಾರರೂ ಗಿರಣಿಯ ಕೂಲಿಗಳೂ ಹೆಚ್ಚಾಗಿದ್ದ ಪ್ರದೇಶ. ಹತ್ತು ಸಾವಿರಕ್ಕೂ ಮಿಕ್ಕ ಜನ, ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳು. ಇವುಗಳಲ್ಲಿ ೮೦೦ಕ್ಕೂ ಹೆಚ್ಚು ಕುಟುಂಬಗಳಿಗೆ ಯಾವ ಚರ್ಚಿನಲ್ಲಿಯೂ ಆಸನವಿರಲಿಲ್ಲ. ಅಲ್ಲಿಗೆ ಹೋಗುವ ಮುನ್ನ ಚಾಮರ್ಸನು ನಗರಸಭೆಯೊಡನೆ ಒಂದು ಒಪ್ಪಂದ ಮಾಡಿಕೊಂಡನು. ಸೇಂಟ್ ಜಾನ್ ಚರ್ಚಿನ ಕಾಣಿಕೆ ಜನರಲ್ ಸೆಷನ್ನಿನ ಬೊಕ್ಕಸಕ್ಕೆ ಹೋಗದೆ ಅದರ ಕೈಯಲ್ಲಿಯೇ ಉಳಿಯತಕ್ಕದ್ದು. ಪ್ರತಿಯಾಗಿ ಆ ಪ್ಯಾರಿಷ್ಷಿನ ಹೊಸ ಬಡವರಲ್ಲಿ ಯಾರನ್ನೂ ಟೌನ್ಸ್ ಹಾಸ್ಪಿಟಲಿಗೆ ಕಳುಹಿಸತಕ್ಕದ್ದಲ್ಲ. ಆ ಸಂಸ್ಥೆಯ ಪಟ್ಟಿಯಲ್ಲಿ ಆಗಲೇ ಇದ್ದವರು ಅಲ್ಲಿಯೇ ಮುಂದುವರಿದರು.

ಪ್ಯಾರಿಷ್ಷನ್ನು ೨೫ ಭಾಗಗಳಾಗಿ ವಿಂಗಡಿಸಲಾಯಿತು. ಭಾಗವೊಂದಕ್ಕೆ ಸುಮಾರು ೬೦ರಿಂದ ೧೦೦ ಕುಟುಂಬಗಳು. ಪ್ರತಿಯೊಂದು ಭಾಗಕ್ಕೂ ಆತ್ಮಿಕ ವಿಷಯಗಳಿಗೆ ಒಬ್ಬ ಹಿರಿಯ, ಲೌಕಿಕ ವಿಷಯಗಳಿಗೆ ಒಬ್ಬ ಸಭಾಸೇವಕ. ಸ್ಕಾಟ್ಲೆಂಡಿನ ಚರ್ಚಿನಲ್ಲಿ ಬಹುಮಟ್ಟಿಗೆ ಲೋಪವಾಗಿಹೋಗಿದ್ದ ಸಭಾಸೇವಕನ ಪದವಿಯನ್ನು ಚಾಮರ್ಸನು ಇದಕ್ಕಾಗಿಯೇ ಮರಳಿ ಚಾಲ್ತಿಗೆ ತಂದನು. ಇವರಲ್ಲಿ ಯಾರಿಗೂ ಸಂಬಳವಿರಲಿಲ್ಲ.

ನೆರವನ್ನು ಬೇಡಿದವನ ವಿಚಾರಣೆಗೆ ಒಂದು ಕ್ರಮವಿದ್ದಿತು. ಸಭಾಸೇವಕನು ತಾನೇ ಮನೆಗೆ ಹೋಗಿ ನೋಡಬೇಕು. ಈತ ದುಡಿಯಬಲ್ಲನೇ, ದುಡಿಯಬಲ್ಲನಾದರೆ ಕೆಲಸ ದೊರಕಿಸಿಕೊಡಬಹುದೇ ಎಂದು ಮೊದಲು ವಿಚಾರಿಸಬೇಕು. ಅನಂತರ ಮಕ್ಕಳು, ಒಡಹುಟ್ಟಿದವರು, ನೆಂಟರು ಇರುವರೇ, ಅವರು ಏನು ಮಾಡಬಲ್ಲರು ಎಂಬುದನ್ನು ನೋಡಬೇಕು. ಬೇರೆ ಸಭೆಗೆ ಸೇರಿದವನಾದರೆ ಆ ಸಭೆಯವರನ್ನು ಕೇಳಬೇಕು. ಈ ಎಲ್ಲ ದಾರಿಗಳೂ ಮುಚ್ಚಿದ ಮೇಲೆ ಇನ್ನೊಬ್ಬ ಸಭಾಸೇವಕನು ಸ್ವತಂತ್ರವಾಗಿ ಹೋಗಿ ನೋಡಿ ಬರಬೇಕು. ಇಬ್ಬರ ಅಭಿಪ್ರಾಯವೂ ಕೂಡಿದರೆ ಮಾತ್ರ ವಿಷಯವು ಸಭಾಸೇವಕರ ಕೂಟದ ಮುಂದೆ ಬರುತ್ತಿತ್ತು. ಇಂದು ಸಮಾಜಕಾರ್ಯದ ವಿದ್ಯಾರ್ಥಿಗಳು ವ್ಯಕ್ತಿನಿಷ್ಠ ವಿಚಾರಣೆ ಎಂದು ಕಲಿಯುವ ವಿಧಾನದ ಪೂರ್ವರೂಪ ಇಲ್ಲಿದೆಯೆಂದರೆ ತಪ್ಪಾಗಲಾರದು.

ಹಣದ ಏರ್ಪಾಡು ಹೀಗಿತ್ತು. ಹಗಲಿನ ಆರಾಧನೆಯ ಕಾಣಿಕೆ ವರ್ಷಕ್ಕೆ ಸುಮಾರು ೪೦೦ ಪೌನು. ಸೆಷನ್ನಿನ ಪಟ್ಟಿಯಲ್ಲಿ ಮೊದಲೇ ಇದ್ದ ಬಡವರಿಗೆ ತಗಲುತ್ತಿದ್ದುದು ಸುಮಾರು ೨೨೫ ಪೌನು. ಪ್ಯಾರಿಷ್ಷಿನ ಕೂಲಿಕಾರರಿಗೆಂದೇ ಸಂಜೆ ನಡೆಯುತ್ತಿದ್ದ ಆರಾಧನೆಯಲ್ಲಿ ಕೂಡುತ್ತಿದ್ದ ಅರೆಪೆನ್ನಿಗಳ ಮೊತ್ತ ಸುಮಾರು ೮೦ ಪೌನು. ಹೊಸದಾಗಿ ಬರುವ ಬಡವರ ವೆಚ್ಚವನ್ನೆಲ್ಲ ಈ ಅರೆಪೆನ್ನಿಗಳಿಂದಲೇ ನಡೆಸುವುದೆಂದು ಗೊತ್ತುಮಾಡಲಾಯಿತು. ಉಳಿತಾಯದ ಹಣ ಪ್ಯಾರಿಷ್ಷಿನ ಶಾಲೆಗೆ ಸಂದಿತು. ಶಾಲೆಗಳಲ್ಲಿ ಕಡಿಮೆಯಾದರೂ ಶುಲ್ಕವಿರಲೇಬೇಕೆಂಬುದು ಚಾಮರ್ಸನ ಮತ. ಪುಕ್ಕಟೆಯಾಗಿ ಬಂದ ವಿದ್ಯೆಯನ್ನು ತಂದೆತಾಯಿಗಳು ಹಗುರವಾಗಿ ಎಣಿಸುವರೆಂದು ಆತನ ಕಾರಣ. ಇದಲ್ಲದೆ ಕೇರಿ ಕೇರಿಗೂ ಭಾನುವಾರದ ಶಾಲೆಗಳಿದ್ದುವು. ಒಬ್ಬೊಬ್ಬ ಉಪಾಧ್ಯಾಯನಿಗೂ ಕೆಲವೇ ಮನೆಗಳನ್ನು ಗೊತ್ತುಮಾಡಿಕೊಟ್ಟಿದ್ದರು.

೫

ಈ ಕೆಲಸಕ್ಕೆ ಮುಂದೆ ಬಂದವರು ಯಾರು? ಬಹುಪಾಲು ಜನ ವ್ಯಾಪಾರಿಗಳು, ಗುಮಾಸ್ತರು, ಕಸಬುದಾರರು, ಹಲವರು ತರುಣರು. ಅವರಲ್ಲಿ ಕೆಲವರು ಮುಂದೆ ಪ್ರಸಿದ್ಧರಾದರು. ನಮ್ಮ ಶಾಲೆ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಕಾಲಿನ್ಸ್ ನಿಘಂಟಿನ ಹೆಸರು ಯಾವ ಪ್ರಕಾಶನ ಸಂಸ್ಥೆಯಿಂದ ಬಂದಿತೋ ಆ ಸಂಸ್ಥೆಯನ್ನು ೧೮೧೯ರಲ್ಲಿ ಸ್ಥಾಪಿಸಿದ ವಿಲಿಯಮ್ ಕಾಲಿನ್ಸ್ ಚಾಮರ್ಸನ ಸಭೆಯ ಹಿರಿಯರಲ್ಲೊಬ್ಬನು. ಉಪಾಧ್ಯಾಯರ ಶಿಕ್ಷಣದ ಚರಿತ್ರೆಯಲ್ಲಿ ಹೆಸರಾದ ಡೇವಿಡ್ ಸ್ಟೋ ಟ್ರಾನ್ ಪ್ಯಾರಿಷ್ಷಿನ ಕಾಲದಲ್ಲಿ ಬಡಮಕ್ಕಳ ಭಾನುವಾರದ ಶಾಲೆಯಿಂದಲೇ ತನ್ನ ಕೆಲಸವನ್ನು ಆರಂಭಿಸಿದವನು. ಕಾರ್ಲೈಲನ ಗೆಳೆಯನಾದ ಎಡ್ವರ್ಡ್ ಅರ್ವಿಂಗ್ ೧೮೧೯ರಿಂದ ೧೮೨೨ರವರೆಗೆ ಸೇಂಟ್ ಜಾನ್ ಸಭೆಯಲ್ಲಿ ಸಹಾಯಕನಾಗಿದ್ದು ಕೂಲಿಕಾರರ ಮನೆಗಳನ್ನು ಸುತ್ತಿದನು. ಉಳ್ಳವರ ಮನೆಯ ತರುಣನೊಬ್ಬನು ಬಡಕೇರಿಯ ಅರುವತ್ತು ಮನೆಗಳ ಬಾಗಿಲನ್ನು ಹೆಸರು ಹಿಡಿದು ತಟ್ಟುವಂತಾದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಈ ಪ್ರಯೋಗದ ನಿಜವಾದ ಸತ್ತ್ವ ಇಲ್ಲಿದೆಯೆಂದು ಲೇಖಕನ ಅಭಿಪ್ರಾಯ.

೬

ಚಾಮರ್ಸನು ೧೮೨೩ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿ ಹೊರಟುಹೋದನು. ಹೋಗುವ ಮುನ್ನ ಆತ ಪ್ರಕಟಿಸಿದ ಫಲಿತಾಂಶ ಎಲ್ಲರ ಗಮನವನ್ನೂ ಸೆಳೆಯಿತು. ಮೊದಲು ಆ ಪ್ರದೇಶದ ಬಡವರಿಗಾಗಿ ವರ್ಷಕ್ಕೆ ಸುಮಾರು ೧,೪೦೦ ಪೌನು ವೆಚ್ಚವಾಗುತ್ತಿದ್ದು, ಅದು ೨೮೦ ಪೌನಿಗೆ ಇಳಿಯಿತೆಂದು ಆತನ ಹೇಳಿಕೆ. ಹೊಸಬರ ಸಂಖ್ಯೆ ತೀರ ಅಲ್ಪವಾಗಿತ್ತು. ತಮ್ಮ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲವೆಂದು ಸಭಾಸೇವಕರೇ ಬರೆದುಕೊಟ್ಟರು. ಇಂಗ್ಲೆಂಡಿನ ದರಿದ್ರಶಾಸನದ ವಿಚಾರಣೆಗಾಗಿ ನೇಮಕವಾದ ಆಯೋಗದ ಪರವಾಗಿ ೧೮೩೩ರಲ್ಲಿ ಬಂದು ನೋಡಿದ ಟಫ್ನೆಲ್ ಎಂಬಾತನೂ ಮೆಚ್ಚಿ ವರದಿ ಮಾಡಿದನು. ಚಾಮರ್ಸನು ಹೋಗಿ ಹತ್ತು ವರ್ಷಗಳಾಗಿದ್ದರೂ ಏರ್ಪಾಡು ನಡೆಯುತ್ತಿದ್ದುದರಿಂದ, ಅದು ಒಬ್ಬನ ವ್ಯಕ್ತಿತ್ವದ ಬಲದಿಂದ ಮಾತ್ರ ನಿಂತುದಲ್ಲವೆಂಬುದು ಸ್ಪಷ್ಟವಾಯಿತು.

ಆದರೆ ೧೮೩೭ರಲ್ಲಿ ಸೇಂಟ್ ಜಾನ್ ಸಭೆಯು ಪ್ರಯೋಗವನ್ನು ನಿಲ್ಲಿಸಿ ನಗರದ ಸಾಮಾನ್ಯ ಪದ್ಧತಿಗೆ ಮರಳಿತು. ಆ ಪ್ಯಾರಿಷ್ಷಿನ ತೆರಿಗೆದಾರರು ತಮ್ಮ ಬಡವರನ್ನು ತಾವೇ ನೋಡಿಕೊಳ್ಳುತ್ತಿದ್ದರೂ ನಗರದ ತೆರಿಗೆಯಿಂದ ಅವರಿಗೆ ವಿನಾಯಿತಿ ಸಿಗಲಿಲ್ಲ. ಎರಡು ಕಡೆಯ ಹೊರೆಯೂ ಅವರ ಮೇಲೆಯೇ ಬಿದ್ದಿತು. ಬೇರೆ ಪ್ಯಾರಿಷ್ಷುಗಳು ಈ ಮಾದರಿಯನ್ನು ಅನುಸರಿಸಲಿಲ್ಲ. ಹೋದವರ ಜಾಗಕ್ಕೆ ಹೊಸ ಸ್ವಯಂಸೇವಕರನ್ನು ಹುಡುಕುವುದು ವರ್ಷವರ್ಷಕ್ಕೂ ಕಷ್ಟವಾಯಿತು.

೭

ಇನ್ನು ಫಲದ ಪರಾಮರ್ಶೆ. ೧,೪೦೦ ಪೌನಿನ ವೆಚ್ಚ ೨೮೦ ಪೌನಿಗೆ ಇಳಿಯಿತೆಂದರೆ ಬಡತನವೂ ಐದರಲ್ಲಿ ಒಂದು ಪಾಲಿಗೆ ಇಳಿಯಿತೇ? ಇಳಿದದ್ದು ವೆಚ್ಚ, ಬಡತನ ಇಳಿಯಿತೆಂಬುದಕ್ಕೆ ಅದು ಸಾಕ್ಷಿಯಾಗದು. ಕಟ್ಟುನಿಟ್ಟಾದ ವಿಚಾರಣೆಗೆ ಒಳಗಾಗಬೇಕೆಂಬ ಸಂಕೋಚದಿಂದಲೇ ಕೇಳದೆ ಉಳಿದವರು ಎಷ್ಟು ಮಂದಿಯೋ ಪುಸ್ತಕದಲ್ಲಿ ಬರುವುದಿಲ್ಲ. ಮಗಳ ಕೂಲಿಯಿಂದ ತಾಯಿಯೂ ಉಣ್ಣಲಿ ಎಂದು ತೀರ್ಮಾನವಾದಾಗ ಸಭೆಯ ಲೆಕ್ಕದಲ್ಲಿ ಅದು ಉಳಿತಾಯ. ಆ ಮನೆಯ ಒಲೆಯ ಮುಂದೆ ಅದು ಒಂದು ಹೊತ್ತಿನ ಊಟ. ನಾಲ್ಕನೆಯ ಒರತೆಯಾದ ಬಡವರ ಕನಿಕರವೂ ಹೀಗೆಯೇ. ಅದು ಉದಾತ್ತವಾದುದು ನಿಜ. ಆದರೆ ಅದನ್ನೇ ಆಧಾರವಾಗಿ ಇಟ್ಟುಕೊಂಡ ಪದ್ಧತಿಯು ಭಾರವನ್ನು ಹೊರಲು ಶಕ್ತಿ ಕಡಿಮೆ ಇರುವವರ ಮೇಲೆಯೇ ಹೊರಿಸುತ್ತದೆ.

ಎರಡನೆಯದಾಗಿ, ಈ ಸ್ಥಳೀಯ ಸಭೆಯ ಹಣ ಸ್ಥಳೀಯವಾಗಿರಲಿಲ್ಲ. ಚಾಮರ್ಸನ ಉಪದೇಶವನ್ನು ಕೇಳಲು ನಗರದ ನಾನಾ ಕಡೆಗಳಿಂದ ಸಿರಿವಂತರು ಹಗಲಿನ ಆರಾಧನೆಗೆ ಬರುತ್ತಿದ್ದರು. ೪೦೦ ಪೌನಿನಲ್ಲಿ ಬಹುಭಾಗ ಅವರದು. ಸಭಾಸೇವಕರಲ್ಲಿಯೂ ಅನೇಕರು ಬೇರೆ ಕಡೆ ವಾಸವಾಗಿದ್ದವರು. ಅಂಥ ಉಪದೇಶಕನಿಲ್ಲದ ಸಾಧಾರಣ ಪ್ಯಾರಿಷ್ಷಿಗೆ ಈ ಅನುಕೂಲ ಎಲ್ಲಿಂದ ಬರಬೇಕು?

ಮೂರನೆಯದಾಗಿ, ಕೈಗಾರಿಕೆಯ ಏರಿಳಿತದಿಂದ ಒಮ್ಮೆಲೇ ಸಾವಿರಾರು ಜನರ ಕೆಲಸ ಹೋಗುವ ಸಂಕಟ ಈ ಪದ್ಧತಿಯ ಲೆಕ್ಕಕ್ಕೇ ಬರಲಿಲ್ಲ. ೧೮೧೯–೨೦ರ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ನೇಕಾರರನ್ನು ಗ್ಲಾಸ್ಗೋ ಗ್ರೀನ್ ಎಂಬ ಬಯಲನ್ನು ಹದಗೊಳಿಸುವ ಕೆಲಸಕ್ಕೆ ಹಚ್ಚಲಾಯಿತು. ಇಂಥ ಕಾಮಗಾರಿಯ ವೆಚ್ಚ ಸಭಾಸೇವಕರ ಪುಸ್ತಕಕ್ಕೆ ಹೊರಗಿನದು. ಎಷ್ಟೇ ಶ್ರದ್ಧೆಯುಳ್ಳ ಸಭಾಸೇವಕನಾದರೂ ಬಿದ್ದುಹೋದ ಕೂಲಿಯ ದರವನ್ನು ಏರಿಸಬಲ್ಲವನಲ್ಲ.

ಈ ಆಕ್ಷೇಪಗಳನ್ನು ಅಂದೇ ಎತ್ತಿದವರಿದ್ದರು. ಎಡಿನ್‌ಬರೋ ನಗರದ ವೈದ್ಯ ವಿಲಿಯಮ್ ಪುಲ್ಟ್ನಿ ಆಲಿಸನ್ನನು ೧೮೪೦ರಲ್ಲಿ ಸ್ಕಾಟ್ಲೆಂಡಿನ ದರಿದ್ರಪೋಷಣೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ಹಸಿವು ಮತ್ತು ಇಕ್ಕಟ್ಟಿನ ವಾಸದಿಂದ ಜ್ವರ ಹರಡುವುದನ್ನು ತನ್ನ ವೃತ್ತಿಯ ಅನುಭವದಿಂದ ವಿವರಿಸಿದನು. ಬಡತನವು ನೀತಿಗೇಡಿನ ಫಲವೆನ್ನುವುದಕ್ಕಿಂತ ನೀತಿಗೇಡಿಗೂ ರೋಗಕ್ಕೂ ಬಡತನವೇ ಕಾರಣವೆನ್ನುವುದು ಹೆಚ್ಚು ಸರಿಯೆಂದೂ, ಕಾನೂನಿನ ಖಚಿತವಾದ ನೆರವು ಅಗತ್ಯವೆಂದೂ ಆತನ ವಾದ. ಅದೇ ವರ್ಷ ಗ್ಲಾಸ್ಗೋ ನಗರದಲ್ಲಿ ನಡೆದ ಬ್ರಿಟಿಷ್ ವಿಜ್ಞಾನ ಸಂಘದ ಅಧಿವೇಶನದಲ್ಲಿ ಚಾಮರ್ಸನೂ ಆಲಿಸನ್ನನೂ ಎದುರುಬದುರಾಗಿ ಚರ್ಚಿಸಿದರು. ಇಬ್ಬರೂ ದೈವಭಕ್ತರು, ಇಬ್ಬರೂ ಬಡವರ ಮನೆಯೊಳಗೆ ಕಾಲಿಟ್ಟು ನೋಡಿದವರು ಎಂಬುದನ್ನು ಮರೆಯಬಾರದು. ಇತ್ತೀಚಿನ ಸಂಶೋಧಕರೂ ಸೇಂಟ್ ಜಾನ್ ಪ್ರಯೋಗದ ಯಶಸ್ಸನ್ನು ಸಂದೇಹದಿಂದಲೇ ನೋಡಿದ್ದಾರೆ. ೧೯೭೬ರಲ್ಲಿ ಕೇಜ್ ಮತ್ತು ಚೆಕ್‌ಲೆಂಡ್ ಬರೆದ ಪ್ರಬಂಧವೂ ೧೯೮೨ರಲ್ಲಿ ಸ್ಟೂವರ್ಟ್ ಬ್ರೌನ್ ಪ್ರಕಟಿಸಿದ ಚಾಮರ್ಸನ ಚರಿತ್ರೆಯೂ ಈ ದೃಷ್ಟಿಯಿಂದ ಮುಖ್ಯವಾದುವು.

೮

೧೮೪೩ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆಯಿತು. ಮೂರನೆಯ ಒಂದು ಭಾಗಕ್ಕೂ ಹೆಚ್ಚಿನ ಸಭಾಪಾಲಕರು ಹೊರಬಂದು ಸ್ವತಂತ್ರ ಚರ್ಚನ್ನು ಸ್ಥಾಪಿಸಿದರು. ಚಾಮರ್ಸನೇ ಅವರ ಪ್ರಥಮ ಅಧ್ಯಕ್ಷ. ಪ್ಯಾರಿಷ್ಷಿನ ಸಮಸ್ತರಿಗೂ ಒಂದೇ ಸಭೆ ಎಂಬ ಮಾತು ಅಲ್ಲಿಗೆ ಮುಗಿಯಿತು. ೧೮೪೫ರ ಶಾಸನವು ಪ್ಯಾರಿಷ್ಷುಗಳಲ್ಲಿ ಲೌಕಿಕ ಮಂಡಲಿಗಳನ್ನೂ ಸಂಬಳದ ತನಿಖಾಧಿಕಾರಿಗಳನ್ನೂ ನಿಯಮಿಸಿತು. ದುಡಿಯಲು ಶಕ್ತರಾದವರಿಗೆ ಅದೂ ಹಕ್ಕನ್ನು ಕೊಡಲಿಲ್ಲ. ಆದರೆ ನೆರವನ್ನು ನಿರಾಕರಿಸಿದರೆ ಶೆರಿಫನೆಂಬ ನ್ಯಾಯಾಧಿಕಾರಿಗೆ ಮನವಿ ಮಾಡಿಕೊಳ್ಳುವ ದಾರಿಯನ್ನು ತೆರೆಯಿತು. ಸೇಂಟ್ ಜಾನ್ ಪದ್ಧತಿಗೂ ಇದಕ್ಕೂ ಇರುವ ಅಂತರವನ್ನು ಈ ಒಂದು ಅಂಶದಲ್ಲಿ ಕಾಣಬಹುದು. ಸಭಾಸೇವಕನು ಎಷ್ಟು ಸಜ್ಜನನಾದರೂ ಅವನು ಇಲ್ಲವೆಂದ ಮೇಲೆ ಬಡವನಿಗೆ ಅದರಾಚೆಗೆ ಕೇಳುವ ಸುಲಭಮಾರ್ಗವಿರಲಿಲ್ಲ.

ಆದರೂ ಪ್ರಯೋಗ ವ್ಯರ್ಥವಾಗಲಿಲ್ಲ. ಚಾಮರ್ಸನೇ ತನ್ನ ಮುಪ್ಪಿನಲ್ಲಿ, ೧೮೪೪ರಿಂದ, ಎಡಿನ್‌ಬರೋ ನಗರದ ವೆಸ್ಟ್ ಪೋರ್ಟ್ ಎಂಬ ಬಡಕೇರಿಯಲ್ಲಿ ಇನ್ನೂ ಚಿಕ್ಕ ಪ್ರಮಾಣದಲ್ಲಿ ಕೆಲಸವನ್ನು ಮತ್ತೆ ಆರಂಭಿಸಿದನು. ಜರ್ಮನಿಯ ಎಲ್ಬರ್ಫೆಲ್ಡ್ ನಗರದಲ್ಲಿ ೧೮೫೩ರಲ್ಲಿ ಜಾರಿಗೆ ಬಂದ ಪ್ರಸಿದ್ಧ ಪದ್ಧತಿಯಲ್ಲಿಯೂ, ಸಂಬಳವಿಲ್ಲದ ನಾಗರಿಕರು ಕೆಲವೇ ಕುಟುಂಬಗಳನ್ನು ವಹಿಸಿಕೊಂಡು ಮನೆಗೆ ಹೋಗಿ ವಿಚಾರಿಸುವ ಕ್ರಮ ಕಾಣುತ್ತದೆ. ಅಲ್ಲಿ ಹಣ ಮಾತ್ರ ನಗರಸಭೆಯದು. ೧೮೬೯ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ದಾನಸಂಘಟನ ಸಂಘದವರು ಚಾಮರ್ಸನನ್ನು ತಮ್ಮ ಪೂರ್ವಿಕನೆಂದು ಗೌರವಿಸಿದರು. ಭಾರತದ ಶಿಕ್ಷಣದ ಚರಿತ್ರೆಯಲ್ಲಿ ಪ್ರಸಿದ್ಧನಾಗಿ, ೧೮೩೦ರಲ್ಲಿ ಕಲ್ಕತ್ತೆಗೆ ಬಂದ ಅಲೆಕ್ಸಾಂಡರ್ ಡಫ್ ಸೇಂಟ್ ಆಂಡ್ರೂಸಿನಲ್ಲಿ ಚಾಮರ್ಸನ ಶಿಷ್ಯನಾಗಿದ್ದನೆಂಬುದನ್ನೂ ಇಲ್ಲಿ ನೆನೆಯಬಹುದು.

೯

ಮೇಲಣ ವಿವೇಚನೆಯಿಂದ ಹೊರಡುವ ನಿರ್ಣಯ ಇದು. ಒಂದು ಸಭೆಯು ಕೊಡಬಲ್ಲ ಅತ್ಯಮೂಲ್ಯ ವಸ್ತು ಹಣವಲ್ಲ, ಗಮನ. ಗೊತ್ತಾದ ಅರುವತ್ತು ಮನೆಗಳನ್ನು ಗೊತ್ತಾದ ಒಬ್ಬನು ಬಲ್ಲವನಾಗಿರುವುದು ಯಾವ ಇಲಾಖೆಯಿಂದಲೂ ಸುಲಭವಾಗಿ ಆಗದ ಕೆಲಸ. ಆದರೆ ಆ ಗಮನವು ಹಕ್ಕಿನ ಸ್ಥಾನದಲ್ಲಿ ನಿಲ್ಲಹೊರಟಾಗ ಸೇವಕನು ತೀರ್ಪುಗಾರನಾಗುತ್ತಾನೆ, ಉಳಿತಾಯವೇ ಯಶಸ್ಸಿನ ಅಳತೆಗೋಲಾಗುತ್ತದೆ. ಸೇಂಟ್ ಜಾನ್ ಸಭೆಯ ಸೇವೆಯು ಕಾನೂನಿನ ನೆರವಿಗೆ ಪೂರಕವಾಗಿ ನಿಂತಿದ್ದರೆ ಹೆಚ್ಚು ಬಾಳುತ್ತಿತ್ತೋ ಏನೋ. ಅದಕ್ಕೆ ಬದಲಾಗಿ ನಿಲ್ಲಬಯಸಿದ್ದೇ ಅದರ ದೌರ್ಬಲ್ಯವಾಯಿತು.

ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಚರ್ಚು, ಮಠ, ಛತ್ರ ಮೊದಲಾದ ಯಾವುದೇ ಧರ್ಮಸಂಸ್ಥೆಯ ಲೆಕ್ಕಪತ್ರಗಳನ್ನು ಅಭ್ಯಾಸಕ್ಕೆ ತೆಗೆದುಕೊಂಡಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಹಿತ. ಹಣ ಯಾರಿಂದ, ಎಲ್ಲಿಂದ ಬಂದಿತು? ಕೇಳಲು ಬಂದವರಲ್ಲಿ ಪಡೆಯದೆ ಹೋದವರ ಗುರುತು ಎಲ್ಲಿಯಾದರೂ ಉಳಿದಿದೆಯೇ? ಲೆಕ್ಕಕ್ಕೆ ಬಾರದ ನೆರೆಹೊರೆಯ ನೆರವನ್ನು ಸೂಚಿಸುವ ಕುರುಹುಗಳು ಬೇರೆ ಮೂಲಗಳಲ್ಲಿ ದೊರೆಯುತ್ತವೆಯೇ? ಚಾಮರ್ಸನ ಸಭಾಸೇವಕರು ಪ್ರತಿ ಮನೆಯ ಬಾಗಿಲನ್ನೂ ತಟ್ಟಿ ವಿಚಾರಿಸಿದರು. ಅವರ ಪುಸ್ತಕಗಳನ್ನು ಓದುವ ಚರಿತ್ರಕಾರನು, ತೆರೆಯದೆ ಉಳಿದ ಬಾಗಿಲುಗಳನ್ನೂ ಎಣಿಕೆಗೆ ತೆಗೆದುಕೊಳ್ಳಬೇಕಾಗುತ್ತದೆ.